ಬಾಸ್ ರೀಡು, ಮೇಲ್ ರೀಡು ಮತ್ತು ನನ್ನ ಪೆಡಲ್ಲು

ಹೋದ ವರ್ಷ ಗಣೇಶನ ಹಬ್ಬದ ಸೀಜನ್ನಿನಲ್ಲಿ ಕುಣಿಗಲ್ಲಿನಲ್ಲಿ ನಮ್ಮ ಆರ್ಕೆಸ್ಟ್ರಾ ಇತ್ತು. ದೊಡ್ಡ ತಂಡವೇನಲ್ಲ ಬಿಡಿ. ಹಾಡೋರು ಇಬ್ಬರು, ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಒಂದು ಲೀಡ್ ಗಿಟಾರು, ಮೂಲೆಯಲ್ಲಿ ಬಾಸ್ ಗಿಟಾರು ಹಿಡ್ಕೊಂಡ ನಾನು. ಹಗಲು ತುಮಕೂರಿನಲ್ಲಿ ಲೆಕ್ಕ ಬರೆಯೋ ಕೆಲಸ, ಸೀಜನ್ನಿನಲ್ಲಿ ರಾತ್ರಿ ಈ ಕೆಲಸ. ಅವತ್ತು ಗುಬ್ಬಿಯಿಂದ ನಮ್ಮ ಸೋದರಮಾವನೂ ಬಂದಿದ್ದರು, ಅಳಿಯ ಅದೇನು ನುಡಿಸ್ತಾನೋ ನೋಡೋಣ ಅಂತ. ಕುಣಿಗಲ್ ಕೆರೆಯ ಜನಪದ ಗೀತೆಯಿಂದ ಶುರು ಮಾಡಿ (ಕುಣಿಗಲ್ಲಿನಲ್ಲಿ ಅದನ್ನು ಹಾಡದೆ ಸ್ಟೇಜ್ ಇಳಿಯೋಕೆ ಬಿಡ್ತಾರಾ!) ಮೂರು ಗಂಟೆ ನುಡಿಸಿದೆವು. ಮುಗಿದ ಮೇಲೆ ಟೀ ಕುಡಿಯುತ್ತಾ ಮಾವನನ್ನು ಕೇಳಿದೆ, ಹೆಂಗಿತ್ತು ಮಾವ ಅಂತ.

"ಎಲ್ಲಾ ಚೆನ್ನಾಗಿತ್ತು ಕಣಪ್ಪಾ. ಅದ್ಸರಿ, ನೀನು ಯಾವಾಗ ನುಡಿಸಿದ್ದು?"

ಮಾವ ತಮಾಷೆಗೆ ಹೇಳಿದ್ದಲ್ಲ. ಮೂರು ಗಂಟೆಯೂ ಅವರಿಗೆ ನನ್ನ ಒಂದು ಸ್ವರವೂ ಕೇಳಿಸಿರಲಿಲ್ಲ. ಸ್ಟೇಜಿನ ಎರಡು ಕಡೆ ಒಂದೊಂದು ಬಾಕ್ಸು, ಕೆಳಗಿನ ದನಿಗೆ ಬೇಕಾದ ಸಬ್ ಸ್ಪೀಕರ್ ಇಲ್ಲವೇ ಇಲ್ಲ. ನನ್ನ ತಂತಿಯ ದನಿ ಆ ಬಾಕ್ಸಿನೊಳಗೆ ಹೋಗಿ ಅಲ್ಲೇ ಸತ್ತಿತ್ತು. ವಾಪಸ್ ಬರುವಾಗ ಟೆಂಪೋದಲ್ಲಿ ನಮ್ಮ ತಂಡದ ಯಜಮಾನರು ನಯವಾಗಿಯೇ ಹೇಳಿದರು: ಕೀಬೋರ್ಡಿನವನು ಎಡಗೈಯಲ್ಲಿ ಬಾಸ್ ಹಿಡೀತಾನೆ, ಮುಂದಿನ ಸೀಜನ್ನಿಗೆ ಯೋಚನೆ ಮಾಡೋಣ. ಲೆಕ್ಕ ಬರೆಯೋನಿಗೆ ಇದು ಅರ್ಥವಾಗದೆ ಇರುತ್ತಾ? ಬಂದ ದುಡ್ಡನ್ನು ಆರು ಪಾಲು ಮಾಡೋ ಬದಲು ಐದು ಪಾಲು. ಕೇಳಿಸದೇ ಇರೋನಿಗೆ ಪಾಲು ಯಾಕೆ?

ಹದಿನೈದು ವರ್ಷದಿಂದ ಹಿಡಿದ ವಾದ್ಯ. ಬಿಡೋದಾ, ಇಟ್ಟುಕೊಳ್ಳೋದಾ ಅನ್ನೋ ಪ್ರಶ್ನೆ ಕಡೆಗೆ ಒಂದು ಅಂಗೈಯಗಲದ ಪೆಟ್ಟಿಗೆಗೆ ಬಂದು ನಿಂತಿತು. ಬಾಸ್ ಗಿಟಾರಿನ ದನಿಯನ್ನು ಬೇಕೂಂತಲೇ ಸ್ವಲ್ಪ ಒರಟು ಮಾಡಿ ಮಿಕ್ಸರಿಗೆ ಕಳಿಸೋ ಪೆಡಲ್ಲು. ಡಿಸ್ಟಾರ್ಷನ್ ಪ್ರಿಆಂಪ್ ಅಂತಾರೆ. ಎರಡು ಪೆಡಲ್ಲುಗಳ ನಡುವೆ ಯಾವುದು ಅಂತ ತಲೆ ಕೆಡಿಸಿಕೊಂಡು ಓದುತ್ತಾ ಹೋದವನಿಗೆ ಕಥೆ ಸೀದಾ ಗುಬ್ಬಿಗೇ ವಾಪಸ್ ಬಂತು ನೋಡಿ, ಅದನ್ನು ಹೇಳಬೇಕು.

ಮಾವ ಹಾರ್ಮೋನಿಯಂ ಮೇಷ್ಟ್ರು. ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟು ಅಂತ ಹೊರಗಿನವರಿಗೆ ಹೇಳಿದರೆ ನಂಬಲ್ಲ. ಬೇಸಾಯ ಮಾಡೋರು, ಅಂಗಡಿ ಇಟ್ಟೋರು, ಮೇಷ್ಟ್ರುಗಳು ಎಲ್ಲ ಸೇರಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಕೈಯಿಂದ ದುಡ್ಡು ಹಾಕಿ, ಒಂದು ರಾತ್ರಿ ಕುರುಕ್ಷೇತ್ರ ಆಡುತ್ತಾರೆ. ಅವರಿಗೆಲ್ಲ ಹಾಡು, ಮಾತು, ನಡಿಗೆ ಕಲಿಸೋದು ಹಾರ್ಮೋನಿಯಂ ಮೇಷ್ಟ್ರೇ. ಮಾವನ ಹತ್ತಿರ ಇರೋದು ಕಾಲು ಹಾರ್ಮೋನಿಯಂ. ಲೆಗ್ ಹಾರ್ಮೋನಿಯಂ ಅಂತಲೂ ಅಂತಾರೆ. ಟೇಬಲ್ಲಿನ ಥರ ನಿಂತಿರುತ್ತೆ, ಕೆಳಗೆ ಎರಡು ಹಲಗೆ, ಅದನ್ನು ಎರಡು ಕಾಲಲ್ಲಿ ತುಳಿದು ಗಾಳಿ ತುಂಬಬೇಕು. ಎರಡು ಕೈಯೂ ನುಡಿಸೋಕೆ ಬಿಡುವು. ಅಂದ ಹಾಗೆ ಆ ಹಲಗೆಗಳ ಹೆಸರೂ ಪೆಡಲ್ಲೇ. ಸಂಗೀತಗಾರ ಕಾಲಲ್ಲಿ ಪೆಡಲ್ ಒತ್ತೋದು ನಮ್ಮೂರಿಗೆ ರಾಕ್ ಬ್ಯಾಂಡಿನವರು ತಂದ ಹೊಸ ವಿದ್ಯೆ ಅಲ್ಲ :)

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ಸುಮಾರಿಗೆ, ಅಲೆಕ್ಸಾಂಡರ್ ಡಿಬೇನ್ ಕೈಯಲ್ಲಿ. ಅದೂ ಕಾಲಲ್ಲಿ ತುಳಿಯೋದೇ. ಇಂಡಿಯಾಕ್ಕೆ ಪಾದ್ರಿಗಳ, ಸಾಹೇಬರ ಸಾಮಾನಿನ ಜೊತೆ ಬಂತು. ಕಲ್ಕತ್ತಾದ ದ್ವಾರಕಾನಾಥ ಘೋಷರು, ದ್ವಾರ್ಕಿನ್ ಕಂಪನಿಯವರು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತೋ ಸಣ್ಣ ಪೆಟ್ಟಿಗೆ ಮಾಡಿದರು. ಮನೆ, ಭಜನೆ, ಕಚೇರಿಗೆ ಅದೇ ಗಟ್ಟಿಯಾಯಿತು. ನಾಟಕದ ಕಂಪನಿಗಳು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ. ಯಾಕೆ? ಕಾಲಿಂದ ಬರೋ ಗಾಳಿ ಜಾಸ್ತಿ, ದನಿ ಜೋರು, ಎಡಗೈ ಖಾಲಿ. ಕೊನೇ ಸಾಲಿನ ನಾಲ್ಕಾಣೆ ಟಿಕೆಟ್ಟಿನವನಿಗೂ ಕೇಳಬೇಕಿತ್ತಲ್ಲ.

ಇಲ್ಲಿ ಗುಬ್ಬಿ ಕಂಪನಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋದರೆ ಮಾವ ಬೈತಾರೆ. ಊರ ದೇವರು ಗೋಸಲ ಚನ್ನಬಸವೇಶ್ವರರ ಹೆಸರಿಟ್ಟುಕೊಂಡು ಗುಬ್ಬಿಯಲ್ಲಿ ನಾಟಕ ಸಂಘ ಶುರುವಾಗಿದ್ದು 1884ರಲ್ಲಿ. ಗುಬ್ಬಿ ತಾಲ್ಲೂಕಿನ ಗುಲಗಂಜಿಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ವೀರಣ್ಣ ಚಿಕ್ಕ ಹುಡುಗನಾಗಿದ್ದಾಗಲೇ ಈ ಕಂಪನಿ ಸೇರಿದರು. 1917ರಲ್ಲಿ ಕಂಪನಿ ಅವರ ಕೈಗೆ ಬಂತು. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರವನ್ನು ಆನೆ, ಕುದುರೆ ಸಮೇತ ರಂಗಕ್ಕೆ ತಂದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಈ ಕಂಪನಿಯ ಅನ್ನ ಉಂಡವರು. ವೀರಣ್ಣನವರು ತೀರಿಕೊಂಡಿದ್ದು 1972ರಲ್ಲಿ, ಪದ್ಮಶ್ರೀ ಬಂದ ವರ್ಷವೇ. ಈಗ ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ.

ಆನೆ ಕುದುರೆ ಕಥೆ ಎಲ್ಲರೂ ಹೇಳುತ್ತಾರೆ. ನನ್ನ ತಲೆಯಲ್ಲಿ ಕೊರೆಯೋದು ಬೇರೆ. ಆ ಕಂಪನಿಗಳ ಮೊದಲ ದಶಕಗಳಲ್ಲಿ ಮೈಕ್ ಇರಲಿಲ್ಲ. ಗ್ಯಾಸ್‌ಲೈಟಿನ ಬೆಳಕು, ತಗಡಿನ ಥಿಯೇಟರು, ಎದುರಿಗೆ ನೂರಾರು ಜನ. ಬರೀ ಗಂಟಲಲ್ಲಿ ಹಾಡಿ ಕೊನೇ ಸಾಲಿಗೆ ಮುಟ್ಟಿಸಬೇಕು. ಅದಕ್ಕೇ ರಂಗಗೀತೆಗಳನ್ನು ಅಷ್ಟು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಎತ್ತರದ ದನಿ ದೂರ ಹೋಗುತ್ತೆ, ತಗ್ಗಿನ ದನಿ ಜನರ ಗಲಾಟೆಯಲ್ಲಿ ಮುಳುಗುತ್ತೆ. ಅಂದರೆ ಕುಣಿಗಲ್ಲಿನಲ್ಲಿ ನನಗೆ ಆಗಿದ್ದು ಹೊಸ ಸಮಸ್ಯೆ ಏನಲ್ಲ, ಕನಿಷ್ಠ ನೂರು ವರ್ಷ ಹಳೇದು. ಆಗಿನವರು ಅದಕ್ಕೆ ಕಂಡುಕೊಂಡ ಉಪಾಯ ಹಾರ್ಮೋನಿಯಂನ ಹೊಟ್ಟೆಯೊಳಗೇ ಇದೆ. ಮಾವ ಅದನ್ನು ತೆಗೆದು ತೋರಿಸಿದರು.

ಕುಣಿಗಲ್ ಕಾರ್ಯಕ್ರಮ ಆಗಿ ಒಂದು ವಾರಕ್ಕೆ ಗುಬ್ಬಿಗೆ ಹೋಗಿದ್ದೆ. ಮುಖ ಸಪ್ಪಗಿದ್ದದ್ದು ನೋಡಿ ಮಾವ, ಬಾ ಇಲ್ಲಿ ಅಂತ ಕೂರಿಸಿಕೊಂಡು ಹಾರ್ಮೋನಿಯಂನ ಒಂದು ಸ್ಟಾಪರ್ ಎಳೆದರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಹಾರ್ಮೋನಿಯಂನಲ್ಲಿ ಒಂದೇ ಮನೆ ಒತ್ತಿದರೆ ಎರಡು ಮೂರು ಹಿತ್ತಾಳೆ ರೀಡುಗಳು ನುಡಿಯೋ ಹಾಗೆ ಮಾಡಬಹುದು. ತಗ್ಗಿನದಕ್ಕೆ ಬಾಸ್ ರೀಡು ಅಂತಾರೆ, ಅದರ ಮೇಲಿನ ಸ್ಥಾಯಿಯದಕ್ಕೆ ಮೇಲ್ ರೀಡು. ಯಾವ ಸಾಲಿಗೆ ಗಾಳಿ ಬಿಡಬೇಕು ಅನ್ನೋದನ್ನ ಮುಂದಿನ ಸ್ಟಾಪರ್‌ಗಳು ತೀರ್ಮಾನ ಮಾಡುತ್ತವೆ. ಮಾವ ಮೊದಲು ಬಾಸ್ ರೀಡು ಒಂದನ್ನೇ ಬಿಟ್ಟು ನುಡಿಸಿದರು. ಗಂಭೀರವಾಗಿ, ಮಂದವಾಗಿ, ಕಂಬಳಿ ಹೊದ್ದುಕೊಂಡ ಹಾಗೆ. "ಈಗ ನೀನು ಬೀದಿಗೆ ಹೋಗಿ ನಿಂತ್ಕೊ" ಅಂದರು. ಹೋದೆ. ಎದುರು ಮನೆಯ ಮಿಕ್ಸಿ, ಒಂದು ಟಿವಿಎಸ್, ಅದರ ಮಧ್ಯೆ ಹಾರ್ಮೋನಿಯಂ ಎಲ್ಲೋ ಇದೆ ಅನ್ನಿಸ್ತು ಅಷ್ಟೇ. ಆಮೇಲೆ ಮೇಲ್ ರೀಡನ್ನೂ ಬಿಟ್ಟರು. ಥಟ್ಟನೆ ಸ್ವರ ಬೀದಿಗೆ ಬಂತು! ವಿಚಿತ್ರ ಏನಪ್ಪಾ ಅಂದರೆ ಮೇಲ್ ರೀಡು ಮಾತ್ರ ಕೇಳಿದ ಹಾಗೆ ಆಗಲಿಲ್ಲ, ಬಾಸೂ ದಪ್ಪಗೆ ಕೇಳಿಸಿತು. ಮೇಲಿನ ಸ್ವರ ಕೈಹಿಡಿದು ಕೆಳಗಿನದನ್ನು ಕರಕೊಂಡು ಬಂದ ಹಾಗೆ.

ಈ ಹಾರ್ಮೋನಿಯಂಗೆ ಆದ ಅವಮಾನ ಒಂದಿದೆ, ಇಲ್ಲೇ ಹೇಳಿಬಿಡ್ತೀನಿ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಗಮಕ ಬರಲ್ಲ, ಶ್ರುತಿ ನಮ್ಮದಲ್ಲ, ಒರಟು ಅನ್ನೋ ದೂರು. 1971ರ ತನಕ ಅದಕ್ಕೆ ರೇಡಿಯೋ ಬಾಗಿಲು ಮುಚ್ಚಿತ್ತು. ಆ ಮೂವತ್ತು ವರ್ಷ ಅದನ್ನು ಸಾಕಿದವರಲ್ಲಿ ನಾಟಕದವರು ಮುಖ್ಯ. ರೇಡಿಯೋದವರಿಗೆ ಬೇಡವಾದ ಆ ಒರಟುತನವೇ ತಗಡಿನ ಥಿಯೇಟರಿನಲ್ಲಿ ಬೇಕಾಗಿತ್ತು.

ಒರಟುತನದ ವಿಷಯಕ್ಕೆ ಬಂದೆ. ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಹಬ್ಬಕ್ಕೆ ಕಂಬಕ್ಕೆ ಕಟ್ಟೋ ಹಾರ್ನ್ ಸ್ಪೀಕರಿಗೆ ಅದರ ಏಳೆಂಟು ಪಟ್ಟು ಮೇಲಕ್ಕೆ ಹೋದರೂ ಸರಿಯಾಗಿ ಬಾಯಿ ಬರೋದಿಲ್ಲ. ಸಣ್ಣ ಬಾಕ್ಸುಗಳೂ 41ರ ಹತ್ತಿರ ಸುಳಿಯಲ್ಲ. ಆದರೆ ಯಾವ ತಂತಿಯೂ ಒಂದೇ ಕಂಪನ ಕೊಡಲ್ಲ. 41ರ ಜೊತೆ 82, 123, 164 ಹೀಗೆ ಮೇಲಿನ ಕಂಪನಗಳೂ ಇರುತ್ತವೆ. ಇವು ಸಾಕಷ್ಟು ಜೋರಾಗಿದ್ದರೆ, ಬುಡದ 41 ಕಿವಿಗೆ ಬೀಳದಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತೆ. ಹಳೇ ಲ್ಯಾಂಡ್‌ಲೈನ್ ಫೋನು 300ಕ್ಕಿಂತ ಕೆಳಗಿನ ಕಂಪನಗಳನ್ನು ಕಳಿಸುತ್ತಲೇ ಇರಲಿಲ್ಲ. ಗಂಡಸರ ದನಿಯ ಬುಡ ಇರೋದು 100ರ ಆಸುಪಾಸಿನಲ್ಲಿ. ಆದರೂ ಫೋನಿನಲ್ಲಿ ಅಪ್ಪನ ದನಿ ಅಪ್ಪನದೇ ಆಗಿ ಕೇಳುತ್ತಿರಲಿಲ್ಲವೇ? ಅಷ್ಟೇ ಕಥೆ. ಬಾಸ್ ಕೇಳಿಸಬೇಕಾದರೆ ಅದರ ಬುಡವನ್ನು ಎಷ್ಟು ಜೋರು ಮಾಡಿದರೂ ಪ್ರಯೋಜನ ಇಲ್ಲ, ಮೇಲಿನ ಕಂಪನಗಳನ್ನು ಎಬ್ಬಿಸಬೇಕು. ಕುಣಿಗಲ್ಲಿನಲ್ಲಿ ನಾನು ಬಾಸ್ ಗುಂಡಿಯನ್ನೇ ತಿರುಗಿಸಿ ತಿರುಗಿಸಿ ಬಾಕ್ಸಿನ ಜೀವ ತಿಂದಿದ್ದೆ. ದಡ್ಡತನ.

ನಮ್ಮ ಹಿರಿಯರಿಗೆ ಇದು ಲೆಕ್ಕದಲ್ಲಿ ಗೊತ್ತಿತ್ತೋ ಇಲ್ಲವೋ, ಕಿವಿಗಂತೂ ಗೊತ್ತಿತ್ತು. ತಂಬೂರಿ ನೋಡಿ. ಕುದುರೆಯ ಮೇಲೆ ತಂತಿ ಕೂರೋ ಜಾಗದಲ್ಲಿ ಒಂದು ಎಳೆ ದಾರ ಸಿಕ್ಕಿಸುತ್ತಾರೆ. ದಾರ ಇಲ್ಲದಿದ್ದರೆ ಬರೀ ಟಂಯ್ ಅಂತ ನುಡಿದು ಸುಮ್ಮನಾಗುತ್ತೆ. ದಾರ ಸರಿಯಾದ ಜಾಗಕ್ಕೆ ಬಂದ ಕೂಡಲೇ ತಂತಿ ಕುದುರೆಗೆ ಸವರಿ ಸವರಿ ಝೇಂಕಾರ ಏಳುತ್ತೆ. ಆ ದಾರಕ್ಕೆ ಜೀವ ಅಂತಲೇ ಹೆಸರು. ಉತ್ತರದವರು ಆ ಗುಣವನ್ನು ಜವಾರಿ ಅಂತಾರೆ. ಸಿ.ವಿ. ರಾಮನ್ ಕಲ್ಕತ್ತಾದಲ್ಲಿದ್ದಾಗ, ನೊಬೆಲ್ಲಿಗೆ ಒಂಬತ್ತು ವರ್ಷ ಮೊದಲು, 1921ರಲ್ಲಿ, ತಂಬೂರಿ ಮತ್ತು ವೀಣೆಯ ಮೇಲೆ ಬರೆದಿದ್ದಾರೆ. ತಂತಿಯನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಮೀಟಿದರೆ ಕೆಲವು ಕಂಪನಗಳು ಹುಟ್ಟಲೇಬಾರದು ಅನ್ನೋದು ಪಶ್ಚಿಮದ ನಿಯಮ, ತಂಬೂರಿಯಲ್ಲಿ ಅವೂ ಕೇಳುತ್ತವೆ, ಕಾರಣ ಆ ಕುದುರೆಯ ರಚನೆ ಅಂತ ತೋರಿಸಿದರು. ತಂತಿಯ ಶುದ್ಧ ಕಂಪನವನ್ನು ಬೇಕೂಂತ ಕೆಡಿಸಿ ಹೊಸ ಕಂಪನ ಹುಟ್ಟಿಸೋದಕ್ಕೆ ಇಂಗ್ಲಿಷಿನವರು ಡಿಸ್ಟಾರ್ಷನ್ ಅಂತಾರೆ, ನಾವು ಜೀವ ಅಂತ ಕರೆದಿದ್ದೇವೆ. ಸಂಗೀತದ ಮೇಷ್ಟ್ರುಗಳು ಈ ಹೋಲಿಕೆ ಕೇಳಿ ಸಿಟ್ಟಾದರೂ ಪರವಾಗಿಲ್ಲ.

ಇನ್ನೂ ಒರಟು ಬೇಕಾದರೆ ನಮ್ಮ ಕಡೆಯ ಜಾತ್ರೆಗೆ ಬನ್ನಿ. ಉರುಮೆ ಅಂತ ಒಂದು ಚರ್ಮವಾದ್ಯ ಇದೆ. ಒಂದು ಬದಿಗೆ ಬಡಿತ, ಇನ್ನೊಂದು ಬದಿಯ ಚರ್ಮದ ಮೇಲೆ ಬಾಗಿದ ಕೋಲಿನಿಂದ ಉಜ್ಜುವುದು. ಗುಂಯ್... ಗುಂಯ್... ಅಂತ ನೆಲದೊಳಗಿಂದ ಬಂದ ಹಾಗೆ ಇರುತ್ತೆ. ತಗ್ಗಿನ ದನಿಯೇ, ಆದರೆ ಉಜ್ಜಿದ್ದರಿಂದ ಅದಕ್ಕೆ ಗರಗಸದ ಹಲ್ಲು ಬಂದಿರುತ್ತೆ. ತಮಟೆ ಗದ್ದಲದ ನಡುವೆಯೂ ಕೇಳುತ್ತೆ. ಚಿಕ್ಕವನಿದ್ದಾಗ ಹೆದರಿ ಅಮ್ಮನ ಸೆರಗು ಹಿಡಿಯುತ್ತಿದ್ದೆ. ಈಗ ಅನ್ನಿಸುತ್ತೆ, ನಾನು ಕೇಳಿದ ಮೊದಲ ಡಿಸ್ಟಾರ್ಷನ್ ಬಾಸ್ ಅದೇ.

ಈಗ ಅಮೆರಿಕಾಕ್ಕೆ ಹೋಗೋಣ, ಯಾಕೆಂದರೆ ಕರೆಂಟಿನ ಒರಟುತನ ಪೆಟ್ಟಿಗೆಯೊಳಗೆ ಕೂತಿದ್ದು ಅಲ್ಲಿ. ಲಿಯೋ ಫೆಂಡರ್ ತನ್ನ ಪ್ರಿಸಿಷನ್ ಬಾಸ್ ಮಾರಾಟಕ್ಕೆ ತಂದಿದ್ದು 1951ರಲ್ಲಿ. ಹತ್ತು ವರ್ಷ ಎಲ್ಲರೂ ಅದರಿಂದ ಶುದ್ಧ ದನಿಯನ್ನೇ ಬಯಸಿದರು. ಆಮೇಲೆ ನ್ಯಾಷ್‌ವಿಲ್ಲಿನ ಸ್ಟುಡಿಯೋ ಒಂದರಲ್ಲಿ ಮಾರ್ಟಿ ರಾಬಿನ್ಸ್ ಅನ್ನೋ ಗಾಯಕನ 'ಡೋಂಟ್ ವರಿ' ಅನ್ನೋ ಹಾಡಿನ ರೆಕಾರ್ಡಿಂಗು. ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ನುಡಿಸುತ್ತಿದ್ದಾನೆ. ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ದನಿ ಜೀರುಂಡೆ ಥರ ಗುರ್ ಅನ್ನತೊಡಗಿತು. ಇನ್ನೊಬ್ಬರಾಗಿದ್ದರೆ ರಿಪೇರಿಯವನನ್ನು ಕರೆಸಿ ಮತ್ತೆ ನುಡಿಸುತ್ತಿದ್ದರು. ಇವರು ಹಾಗೇ ಬಿಟ್ಟರು. 1961ರಲ್ಲಿ ಹಾಡು ಹೊರಬಂದು ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲನೇ ಜಾಗಕ್ಕೇರಿತು. ಎಂಜಿನಿಯರ್ ಗ್ಲೆನ್ ಸ್ನಾಡಿಗೆ ಆ ಕೆಟ್ಟ ದನಿ ಬೇಕು ಅಂತ ಬೇರೆಯವರೂ ಬಂದು ಕೇಳತೊಡಗಿದರು. ಕೆಟ್ಟ ಚಾನೆಲ್ಲು ಎಷ್ಟು ದಿನ ಬಾಳುತ್ತೆ? ಅದೇ ದನಿ ಕೊಡೋ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಅವನು ಇನ್ನೊಬ್ಬನ ಜೊತೆ ಸೇರಿ ಕಟ್ಟಿದ, ಗಿಬ್ಸನ್ ಕಂಪನಿಗೆ ಕೊಟ್ಟ. 1962ರಲ್ಲಿ ಮಾಯೆಸ್ಟ್ರೋ ಫಜ್‌ಟೋನ್ ಅನ್ನೋ ಹೆಸರಿನಲ್ಲಿ ಅದು ಅಂಗಡಿಗೆ ಬಂತು. ಕಾಲಲ್ಲಿ ಒತ್ತಿದರೆ ಒರಟು, ಇನ್ನೊಮ್ಮೆ ಒತ್ತಿದರೆ ಸಾದಾ.

ಇದರಲ್ಲಿ ನನಗೆ ಖುಷಿ ಕೊಡೋ ಸಂಗತಿ, ಆ ಪೆಡಲ್ಲಿಗೆ ಕಾರಣವಾಗಿದ್ದು ಲೀಡ್ ಗಿಟಾರಲ್ಲ, ಬಾಸು! 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನವರು 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಬಳಸಿದ ಮೇಲೆ ಲೀಡ್ ಗಿಟಾರಿನವರು ಆ ದನಿಯನ್ನು ತಮ್ಮದೇ ಅನ್ನೋ ಹಾಗೆ ಎತ್ತಿಕೊಂಡು ಹೋದರು. ನಮ್ಮ ತಂಡದ ಲೀಡಿನವನಿಗೆ ಇದನ್ನು ಹೇಳಿದ್ದೀನಿ, ಅವನು ಒಪ್ಪಲ್ಲ.

ಅದೇ 1965ರ ಡಿಸೆಂಬರಿನಲ್ಲಿ ಬಂದ ಬೀಟಲ್ಸ್‌ನವರ 'ರಬ್ಬರ್ ಸೋಲ್' ಆಲ್ಬಮ್ಮಿನಲ್ಲಿ ಜಾರ್ಜ್ ಹ್ಯಾರಿಸನ್ ಬರೆದ 'ಥಿಂಕ್ ಫಾರ್ ಯುವರ್‌ಸೆಲ್ಫ್' ಅಂತ ಒಂದು ಹಾಡಿದೆ. ಪಾಲ್ ಮೆಕಾರ್ಟ್ನಿ ಅದರಲ್ಲಿ ಎರಡು ಬಾಸ್ ನುಡಿಸಿದ್ದಾನೆ. ಒಂದು ಸಾದಾ, ಅದರ ಮೇಲೆ ಇನ್ನೊಂದು ಫಜ್ ಹಾಕಿದ್ದು. ಕೆಳಗಿನದು ಬುಡ ಹಿಡಿಯುತ್ತೆ, ಮೇಲಿನದು ಎದ್ದು ಕಾಣುತ್ತೆ. ಮಾವ ಬೀದಿಗೆ ಕಳಿಸಿ ಕೇಳಿಸಿದ್ದೂ ಇದನ್ನೇ ಅಲ್ಲವಾ? ಬಾಸ್ ರೀಡು, ಮೇಲ್ ರೀಡು!

ಆಮೇಲಿನ ಕಥೆ ಬೇಗ ಹೇಳ್ತೀನಿ. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಅನ್ನೋ 300 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಮಾಡಿತು. ಹತ್ತಿಂಚಿನ ಎಂಟು ಸ್ಪೀಕರಿನ ಬೀರು, ಅದರ ಮೇಲೆ ಒಬ್ಬ ಆಳಿಗೆ ಭಾರವಾದ ಪೆಟ್ಟಿಗೆ. ಅದನ್ನು ಜೋರಾಗಿ ಇಟ್ಟಾಗ ವಾಲ್ವುಗಳು ಬಳಲಿ ಬರೋ ಗೊಗ್ಗರು ದನಿಯೇ ರಾಕ್ ಬಾಸಿನ ದನಿ ಅನ್ನಿಸಿಕೊಂಡಿತು. ಆದರೆ ಹೊರೋರು ಯಾರು? 1989ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ, ಟೆಕ್ 21 ಕಂಪನಿಯ ಮೂಲಕ, ಸ್ಯಾನ್ಸ್‌ಆಂಪ್ ಅನ್ನೋ ಪೆಡಲ್ ತಂದ. ಫ್ರೆಂಚಿನಲ್ಲಿ ಸ್ಯಾನ್ಸ್ ಅಂದರೆ 'ಇಲ್ಲದೆ', ಆಂಪ್ ಇಲ್ಲದೆ ಆಂಪಿನ ದನಿ. 1992ರಲ್ಲಿ ಬಾಸಿಗೇ ಅಂತ ಬಾಸ್ ಡ್ರೈವರ್ ಡಿಐ ಬಂತು. ಅದರಲ್ಲಿ ಬ್ಲೆಂಡ್ ಅಂತ ಒಂದು ಗುಂಡಿ: ಸಾದಾ ದನಿ ಎಷ್ಟು, ಪೆಡಲ್ ತಯಾರಿಸಿದ ದನಿ ಎಷ್ಟು ಅಂತ ಬೆರೆಸೋದು. ಹಿಂದಿನಿಂದ ಒಂದು ಮೈಕಿನ ವೈರು ಸೀದಾ ಮಿಕ್ಸರಿಗೆ. 2009ರಲ್ಲಿ ಫಿನ್‌ಲೆಂಡಿನಲ್ಲಿ ಡಗ್ಲಸ್ ಕಾಸ್ಟ್ರೋ ಡಾರ್ಕ್‌ಗ್ಲಾಸ್ ಕಂಪನಿ ಶುರು ಮಾಡಿದ. ಮೆಟಲ್ ಬ್ಯಾಂಡಿನವರ ಗಿಟಾರು ಗೋಡೆಯ ಥರ ನಿಂತಾಗ ಅದರ ಮಧ್ಯದಿಂದ ಬಾಸ್ ತೂರಿ ಬರಬೇಕು ಅಂತ ಮಾಡಿದವು ಅದರ ಪೆಡಲ್ಲುಗಳು.

ನಮ್ಮ ಕಡೆ ಈ ಸಾಮಾನೆಲ್ಲ ಬರೋ ಹೊತ್ತಿಗೆ ಬಹಳ ತಡವಾಯಿತು. ಬಾಸಿನ ರುಚಿ ಮಾತ್ರ ಮೊದಲೇ ಹತ್ತಿತ್ತು. ಶಂಕರ್‌ನಾಗ್ ಅವರ 'ಗೀತಾ' ಸಿನಿಮಾಕ್ಕೆ 1981ರಲ್ಲಿ ಇಳಯರಾಜ ಮಾಡಿದ ಹಾಡುಗಳಲ್ಲಿ ಬಾಸ್ ಗಿಟಾರು ತಾನೇ ಒಂದು ಹಾಡು ಹಾಡಿಕೊಂಡು ಹೋಗುತ್ತೆ. ಇವತ್ತಿಗೂ ಯಾವ ಆರ್ಕೆಸ್ಟ್ರಾಕ್ಕೂ ಅವು ಬೇಕೇ ಬೇಕು. ಆದರೆ ಹಳ್ಳಿ ಸ್ಟೇಜಿನ ಮೈಕ್‌ಸೆಟ್ಟು ಮಾತಿಗೆ, ಹಾಡಿಗೆ ಅಂತ ಇದ್ದದ್ದು. ಬಾಸಿನವನು ಕಣ್ಣಿಗೆ ಕಾಣುತ್ತಿದ್ದ, ಕಿವಿಗೆ ಕೀಬೋರ್ಡಿನ ಎಡಗೈ ಸಾಕಾಗುತ್ತಿತ್ತು. ನಾನು ಬಾಸನ್ನು ಎದೆಯಲ್ಲಿ ಕೇಳಿಸಿಕೊಂಡಿದ್ದು 2007ರ ಮಾರ್ಚ್ 17ರಂದು, ಬೆಂಗಳೂರು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ. ತುಮಕೂರಿನಿಂದ ಮೂವರು ಹೋಗಿದ್ದೆವು. ವಾಪಸ್ ಬರುವಾಗ ಬೆಳಗಾಗಿತ್ತು. ಆಮೇಲೇ ಗಿಟಾರು ತಗೊಂಡಿದ್ದು.

ಸರಿ, ಎರಡು ಪೆಡಲ್ಲು. ಸ್ಯಾನ್ಸ್‌ಆಂಪ್ ಬಾಸ್ ಡ್ರೈವರಿನ ಹೊಸ ಆವೃತ್ತಿ ಒಂದು, ಡಾರ್ಕ್‌ಗ್ಲಾಸ್ ಮೈಕ್ರೋಟ್ಯೂಬ್ಸ್ ಬಿ7ಕೆ ಇನ್ನೊಂದು. ಬೆಂಗಳೂರಿನ ಇಬ್ಬರು ಗೆಳೆಯರಿಂದ ಒಂದು ವಾರಕ್ಕೆ ಎರಡನ್ನೂ ಎರವಲು ತಂದೆ. ಮೊದಲು ತುಮಕೂರಿನ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದೆ. ಡಾರ್ಕ್‌ಗ್ಲಾಸ್ ಮುಂದೆ ಇನ್ನೊಂದು ಸಪ್ಪೆ ಅನ್ನಿಸ್ತು. ಅಬ್ಬಾ, ಏನು ಗರ್ಜನೆ! ಡ್ರೈವ್ ಪೂರ್ತಿ ಏರಿಸಿ ರಾತ್ರಿ ಹನ್ನೆರಡರ ತನಕ ಕೂತಿದ್ದೆ. ತೀರ್ಮಾನ ಆಗಿಹೋಯಿತು ಅಂದುಕೊಂಡು ಮಲಗಿದೆ.

ಭಾನುವಾರ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಗುಬ್ಬಿಗೆ ಹೋದೆ. ಮಾವನ ತಾಲೀಮಿನ ಕೋಣೆಯಲ್ಲಿ ಒಂದು ಹಳೇ ಮಿಕ್ಸರು, ಒಂದು ಬಾಕ್ಸು ಇದೆ, ಕುಣಿಗಲ್ಲಿನಲ್ಲಿ ಇದ್ದಂಥದ್ದೇ. ಅದಕ್ಕೆ ಜೋಡಿಸಿ, ಮಾವ ಹಾರ್ಮೋನಿಯಂ ತುಳಿಯುತ್ತಾ ಇರುವಾಗ ನುಡಿಸಿದೆ. ರೂಮಿನ ಗರ್ಜನೆ ಇಲ್ಲಿ ಬರೀ ಸಿಳ್ಳು ಗಲಾಟೆ. ಸ್ವರ ಯಾವುದು ಅಂತಲೇ ತಿಳಿಯಲ್ಲ, ಹಾರ್ಮೋನಿಯಂ ಮೇಲೆ ಮರಳು ಎರಚಿದ ಹಾಗೆ. ತಪ್ಪು ಪೆಡಲ್ಲಿನದಲ್ಲ, ಡ್ರೈವ್ ಅಷ್ಟು ಏರಿಸಿದ ನನ್ನದು. ಇಳಿಸುತ್ತಾ ಬಂದೆ. ಡ್ರೈವ್ ಕಾಲು ಭಾಗ, ಬ್ಲೆಂಡ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಮಧ್ಯದ ದನಿಯ ಗುಂಡಿ ಮೇಲಕ್ಕೆ. ಆಗ ಬಾಸ್ ಎದ್ದು ಬಂತು. ಸ್ಯಾನ್ಸ್‌ಆಂಪ್‌ನಲ್ಲೂ ಹಾಗೇ ಮಾಡಿದೆ. ಅದರ ಹಳೇ ಮಾದರಿಯಲ್ಲಿ ಮಧ್ಯದ ದನಿಗೆ ಬೇರೆ ಗುಂಡಿಯೇ ಇರಲಿಲ್ಲ, ದನಿಯ ನಡು ಸ್ವಲ್ಪ ತಗ್ಗಿರುತ್ತಿತ್ತು. ಒಬ್ಬನೇ ನುಡಿಸಿದರೆ ಅದೇ ಚಂದ, ಹತ್ತು ಜನರ ನಡುವೆ ಮಾಯ. ಹೊಸದರಲ್ಲಿ ಆ ಗುಂಡಿ ಬಂದಿದೆ. ತಿರುಗಿಸಿದೆ, ಬಂತು.

ಮಾವನನ್ನು ಕಣ್ಣು ಮುಚ್ಚಿಸಿ ಎರಡನ್ನೂ ಹತ್ತು ಸಲ ಅದಲು ಬದಲು ಮಾಡಿ ಕೇಳಿಸಿದೆ. "ಎರಡೂ ಒಂದೇ ಅಲ್ವೇನಪ್ಪಾ?" ಅಂದರು. ಡಾರ್ಕ್‌ಗ್ಲಾಸ್‌ನಲ್ಲಿ ನಾಲ್ಕು ಭಾಗದ ಈಕ್ವಲೈಸರ್ ಇದೆ, ಕೆತ್ತೋದಕ್ಕೆ ಅವಕಾಶ ಜಾಸ್ತಿ, ಬೆಲೆಯೂ ಜಾಸ್ತಿ. ಬೆಂಗಳೂರಿನ ಮೆಟಲ್ ಬ್ಯಾಂಡಿನಲ್ಲಿದ್ದಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ತಿದ್ದೆ. ಕಡೆಗೆ ತೀರ್ಮಾನ ಮಾಡಿದ್ದು ದನಿ ಅಲ್ಲ, ಕರೆಂಟು. ಡಾರ್ಕ್‌ಗ್ಲಾಸ್‌ಗೆ ಅಡಾಪ್ಟರ್ ಬೇಕೇ ಬೇಕು. ಹಳ್ಳಿ ಸ್ಟೇಜಿನಲ್ಲಿ ಜನರೇಟರು, ಸೀರಿಯಲ್ ಸೆಟ್ಟು, ಎಲ್ಲ ಒಂದೇ ಬೋರ್ಡಿಗೆ ನೇತಾಡುತ್ತಿರುತ್ತವೆ. ಅಲ್ಲಿ ಅಡಾಪ್ಟರ್ ಸಿಕ್ಕಿಸಿದರೆ ಹಾಡಿಗಿಂತ ಮೊದಲು ಹಮ್ ಶುರು. ಸ್ಯಾನ್ಸ್‌ಆಂಪ್ 9 ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತೆ, ಮಿಕ್ಸರಿನಿಂದ ಮೈಕಿನ ವೈರಿನಲ್ಲೇ ಬರೋ 48 ವೋಲ್ಟಿನ ಫ್ಯಾಂಟಮ್ ಪವರಿನಲ್ಲೂ ನಡೆಯುತ್ತೆ. ಒಂದು ವೈರು, ಕೆಲಸ ಮುಗೀತು. ಅದನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡೆ. ಡಾರ್ಕ್‌ಗ್ಲಾಸ್ ವಾಪಸ್ ಕೊಡುವಾಗ ಸಂಕಟ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ.

ತಂಡದಲ್ಲಿ ನನ್ನ ಪಾಲು ಉಳೀತು. ಯಜಮಾನರೇ ಒಂದು ಸಲ ಮುಂದೆ ಹೋಗಿ ನಿಂತು ಕೇಳಿ ಬಂದು, "ಇದ್ಯಾವುದಪ್ಪಾ ಹೊಸ ಗಿಟಾರು?" ಅಂದರು. ಗಿಟಾರು ಹಳೇದೇ.

ಈ ಬೇಸಿಗೆಯಲ್ಲಿ ಗುಬ್ಬಿ ಪಕ್ಕದ ಒಂದು ಹಳ್ಳಿಯಲ್ಲಿ ಮಾವನ ಕುರುಕ್ಷೇತ್ರ ಇತ್ತು. ಅವರಾಗೇ ಕರೆದರು, ಪಕ್ಕದಲ್ಲಿ ಕೂತು ನುಡಿಸು ಅಂತ. ರಂಗದ ಎಡಮೂಲೆಯಲ್ಲಿ ಕಾಲು ಹಾರ್ಮೋನಿಯಂ, ಅದರ ಪಕ್ಕ ತಬಲ, ಅದರ ಹಿಂದೆ ನಾನು. ಮಾವನ ಎರಡು ಕಾಲೂ ಪೆಡಲ್ ಮೇಲೆ, ನನ್ನ ಒಂದು ಕಾಲು. ರಾತ್ರಿ ಹತ್ತಕ್ಕೆ ಶುರುವಾಗಿದ್ದು. ಎರಡು ಗಂಟೆ ಹೊತ್ತಿಗೆ ದುರ್ಯೋಧನ ಬಂದ, ಊರಿನ ರೇಷನ್ ಅಂಗಡಿಯವರು. ಹಾಡು ಎತ್ತಿದರು. ನಾನು ಷಡ್ಜ ಹಿಡಿದು ಪೆಡಲ್ ಒತ್ತಿದೆ. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ ಒಬ್ಬರು ಎದ್ದು ಕೂತರು. ಅವರು ಎದ್ದದ್ದು ನನ್ನ ಬಾಸಿಗೋ ದುರ್ಯೋಧನನಿಗೋ ಗೊತ್ತಿಲ್ಲ, ನಾನು ಮಾತ್ರ ನನಗೇ ಅಂತ ಲೆಕ್ಕ ಬರೆದುಕೊಂಡೆ.

ಹಾಡು ಮುಗಿದು ಚಪ್ಪಾಳೆ ಬೀಳುವಾಗ ಮಾವ ತುಳಿಯೋದು ನಿಲ್ಲಿಸದೆ ಹಿಂದಕ್ಕೆ ಬಗ್ಗಿದರು.

"ಅಳಿಯಾ, ಅದೇನೋ ಬೆರೆಸೋ ಗುಂಡಿ ಅಂತೀಯಲ್ಲ, ಅದನ್ನ ಇನ್ನೊಂದು ಚೂರು ಇಳಿಸು. ನನ್ನ ಬಾಸ್ ರೀಡು ಕೇಳಿಸ್ತಿಲ್ಲ."